ಮನೆ ಸಾಮಾನಿಗೆ ಕೂಪನ್ ಬಳಸುವ ಲೆಕ್ಕಾಚಾರ: ಪಟ್ಟಿಯಿಂದ ಬಿಲ್‌ವರೆಗೆ

ತಿಂಗಳ ಮೊದಲ ವಾರ ಸಂಬಳ ಬೀಳುತ್ತದೆ ಅನ್ನುವುದು ನಮಗೆ ಎಷ್ಟು ಚೆನ್ನಾಗಿ ಗೊತ್ತೋ, ಅಂಗಡಿಯವರಿಗೂ ಅಷ್ಟೇ ಚೆನ್ನಾಗಿ ಗೊತ್ತು. ಅದಕ್ಕೇ ಆ ದಿನಗಳಲ್ಲಿ ಫೋನ್ ತುಂಬ ಕೂಪನ್. "₹799 ಮೇಲೆ ₹100 ಕಡಿತ", "ಫ್ಲಾಟ್ 50%", "ಇವತ್ತು ರಾತ್ರಿ 12ರವರೆಗೆ ಮಾತ್ರ". ಇವುಗಳಲ್ಲಿ ಕೆಲವು ನಿಜಕ್ಕೂ ದುಡ್ಡು ಉಳಿಸುತ್ತವೆ. ಬಹಳಷ್ಟು ಉಳಿಸುವುದಿಲ್ಲ. ಯಾವುದು ಉಳಿಸುತ್ತದೆ ಅಂತ ತಿಳಿಯಲು ಒಂದು ಪಟ್ಟಿ, ಒಂದು ಸಣ್ಣ ನೋಟ್‌ಬುಕ್ ಮತ್ತು ಫೋನಿನ ಕ್ಯಾಲ್ಕ್ಯುಲೇಟರ್ ಸಾಕು.

ಬೀದಿ ಕೊನೆಯ ದಿನಸಿ ಅಂಗಡಿ, ಸೂಪರ್ ಮಾರ್ಕೆಟ್, ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್, ಈ ಮೂರೂ ಕೈಗೆ ಸಿಗುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೆಂಗಳೂರಿನಲ್ಲಿ ಇದು ಎಲ್ಲ ಬಡಾವಣೆಗಳ ಕಥೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಈಗ ಹೆಚ್ಚುಕಡಿಮೆ ಹಾಗೇ.

ಹೆಜ್ಜೆ 1: ಪಟ್ಟಿ ಆಗುವ ತನಕ ಆ್ಯಪ್ ತೆರೆಯಬೇಡಿ

ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿ. ತೊಗರಿಬೇಳೆ ಎಷ್ಟಿದೆ, ಚಿರೋಟಿ ರವೆ ಇದೆಯಾ, ಹುಣಸೆಹಣ್ಣು ತಿಂಗಳು ಬರುತ್ತಾ ಅಂತ ನೋಡಿಕೊಂಡು ಬರೆಯಿರಿ. ಬಚ್ಚಲುಮನೆಗೂ ಒಂದು ಸುತ್ತು ಹಾಕಿ. ನೆನಪಿನಿಂದ ಬರೆದ ಪಟ್ಟಿಯಲ್ಲಿ ಇರುವುದೇ ಮತ್ತೆ ಸೇರಿಕೊಳ್ಳುತ್ತದೆ, ಇಲ್ಲದ್ದು ಬಿಟ್ಟುಹೋಗುತ್ತದೆ.

ಪಟ್ಟಿಯನ್ನು ಎರಡು ಭಾಗ ಮಾಡಿ. ಮೊದಲನೆಯದು ಈ ವಾರವೇ ಬೇಕಾದ್ದು. ಎರಡನೆಯದು ಮುಗಿಯುತ್ತಾ ಬಂದಿದ್ದರೂ ಎರಡು-ಮೂರು ವಾರ ತಡೆಯುವಂಥದ್ದು. ಕೂಪನ್‌ಗೆ ಕೆಲಸ ಇರುವುದು ಈ ಎರಡನೇ ಭಾಗದಲ್ಲಿ. ರಾತ್ರಿ ಹುಳಿಗೆ ಬೇಳೆ ಇಲ್ಲ ಅಂದರೆ ಸಿಕ್ಕ ಬೆಲೆಗೆ ತರಲೇಬೇಕು. ಬಟ್ಟೆ ಸೋಪಿನ ಪುಡಿ ಇನ್ನೂ ಮೂರು ವಾರಕ್ಕೆ ಇದೆ ಅಂದರೆ ಒಳ್ಳೆಯ ಆಫರ್ ಬರುವ ತನಕ ಕಾಯಬಹುದು. ಕಾಯಲು ಸಾಧ್ಯವಿರುವವರಿಗೆ ಮಾತ್ರ ಕೂಪನ್ ಕೈಗೆ ಬಗ್ಗುತ್ತದೆ.

ಪ್ರತಿ ಸಾಮಾನಿನ ಮುಂದೆ ಇನ್ನೊಂದು ಗುರುತು ಹಾಕಿಕೊಳ್ಳಿ: ಬ್ರ್ಯಾಂಡ್ ಬದಲಾದರೆ ನಡೆಯುತ್ತಾ, ಇಲ್ವಾ? ಫಿನಾಯಿಲ್, ಪಾತ್ರೆ ತೊಳೆಯುವ ಸೋಪು, ಟಿಶ್ಯೂ ಯಾವುದಾದರೂ ಆದೀತು. ಕಾಫಿಪುಡಿಯ ವಿಷಯ ಹಾಗಲ್ಲ. ಚಿಕೋರಿ ಸ್ವಲ್ಪ ಜಾಸ್ತಿಯಾದರೂ ಬೆಳಿಗ್ಗೆ ಮನೆಯಲ್ಲಿ ಗಲಾಟೆ. ಅಂಥದಕ್ಕೆ ಬೇರೆ ಬ್ರ್ಯಾಂಡಿನ ಕೂಪನ್ ಎಷ್ಟೇ ದೊಡ್ಡದಿರಲಿ, ಸುಮ್ನೆ ಬಿಟ್ಟುಬಿಡಿ.

ಹೆಜ್ಜೆ 2: ನಿಮ್ಮದೇ ಬೆಲೆ ಪುಸ್ತಕ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಕೂಪನ್ ಕೊಡುವವರು ತಮ್ಮ ಬೆಲೆಯನ್ನು ಎಂಆರ್‌ಪಿ ಜೊತೆ ಹೋಲಿಸಿ ತೋರಿಸುತ್ತಾರೆ. "ಎಂಆರ್‌ಪಿ ಇಷ್ಟು, ನಮ್ಮಲ್ಲಿ ಇಷ್ಟು, ನೀವು ಉಳಿಸಿದ್ದು ಇಷ್ಟು." ಆದರೆ ನೀವು ಎಂಆರ್‌ಪಿ ಕೊಟ್ಟು ಅಡುಗೆ ಎಣ್ಣೆ ಕೊಂಡು ಎಷ್ಟು ಕಾಲವಾಯಿತು? ಎಂಆರ್‌ಪಿ ಅಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದು ಅನ್ನುವ ಗರಿಷ್ಠ ಬೆಲೆ, ಎಲ್ಲ ತೆರಿಗೆಯೂ ಸೇರಿ. ಎಣ್ಣೆ, ಗೋಧಿಹಿಟ್ಟು, ಪ್ಯಾಕೆಟ್ ಬೇಳೆಗಳಲ್ಲಿ ಎಂಆರ್‌ಪಿಗೂ ಅಂಗಡಿಯವರು ದಿನವೂ ಮಾರುವ ಬೆಲೆಗೂ ದೊಡ್ಡ ಅಂತರ ಇರುತ್ತದೆ. ಕೂಪನ್ ಇಲ್ಲದೆಯೂ ನಿಮ್ಮ ಬೀದಿಯ ಅಂಗಡಿಯವರು ಅದನ್ನು ಇಳಿಸಿಯೇ ಕೊಡುತ್ತಾರೆ. ಹಾಗಾಗಿ ನೀವು ಹೋಲಿಸಬೇಕಾದ್ದು ನೀವು ಮಾಮೂಲಿಯಾಗಿ ಕೊಡುವ ಬೆಲೆಯ ಜೊತೆ.

ಆ ಮಾಮೂಲಿ ಬೆಲೆ ಎಷ್ಟು ಅಂತ ಕೇಳಿದರೆ ತುಂಬ ಜನರಿಗೆ ಹೇಳಲು ಬರುವುದಿಲ್ಲ. ಅದಕ್ಕೇ ಪುಸ್ತಕ. ನಿಮ್ಮ ಖರ್ಚಿನ ದೊಡ್ಡ ಪಾಲು ತಿನ್ನುವ ಇಪ್ಪತ್ತು-ಇಪ್ಪತ್ತೈದು ಸಾಮಾನು ಆರಿಸಿ: ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಎಣ್ಣೆ, ಸಕ್ಕರೆ, ಬೆಲ್ಲ, ರಾಗಿಹಿಟ್ಟು, ಕಡಲೆಬೀಜ, ಕಾಫಿಪುಡಿ, ತುಪ್ಪ, ಸೋಪು, ಪೇಸ್ಟು, ಬಟ್ಟೆ ಸೋಪಿನ ಪುಡಿ, ಹೀಗೆ. ಒಂದೊಂದಕ್ಕೂ ಒಂದು ಸಾಲು. ಎಲ್ಲಿ ಕೊಂಡಿರಿ, ಕೆಜಿಗೆ ಅಥವಾ ಲೀಟರಿಗೆ ಎಷ್ಟು ಬಿತ್ತು, ಯಾವ ತಿಂಗಳು. ಹಳೆಯ ಬಿಲ್‌ಗಳಿಂದಲೇ ಇದನ್ನು ತುಂಬಬಹುದು. ಎರಡು-ಮೂರು ತಿಂಗಳು ಕಳೆದರೆ ಯಾವ ಬೆಲೆ ಮಾಮೂಲು, ಯಾವುದು ನಿಜವಾಗಿ ಅಗ್ಗ ಅಂತ ಕಣ್ಣಿಗೇ ಕಾಣುತ್ತದೆ.

ಬರೆಯುವಾಗ ಪ್ಯಾಕೆಟ್ ಬೆಲೆ ಬರೆಯಬೇಡಿ, ತೂಕದ ಲೆಕ್ಕದಲ್ಲಿ ಬರೆಯಿರಿ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಯುಎಸ್‌ಪಿ ಅಂತ ಇನ್ನೊಂದು ಅಂಕಿ ಇರುತ್ತದೆ. ಅದು ಯೂನಿಟ್ ಬೆಲೆ. ಕೆಜಿಗಿಂತ ಕಡಿಮೆ ತೂಕದ ಪ್ಯಾಕೆಟ್ ಆದರೆ ಗ್ರಾಮಿಗೆ ಎಷ್ಟು, ಜಾಸ್ತಿ ಆದರೆ ಕೆಜಿಗೆ ಎಷ್ಟು ಅಂತ. ಎರಡು ಬ್ರ್ಯಾಂಡ್ ಹೋಲಿಸಲು ಇದು ಒಳ್ಳೆಯದು. ಆದರೆ ಅದು ಎಂಆರ್‌ಪಿ ಮೇಲೆ ಹಾಕಿದ ಲೆಕ್ಕ. ಕೂಪನ್ ಕಳೆದ ಮೇಲಿನ ಯೂನಿಟ್ ಬೆಲೆಯನ್ನು ನೀವೇ ತೆಗೆಯಬೇಕು: ಕೊಟ್ಟ ದುಡ್ಡನ್ನು ತೂಕದಿಂದ ಭಾಗಿಸಿ, ಅಷ್ಟೇ.

ಈ ತೂಕದಲ್ಲೇ ಹಲವು ಮೋಸದ ತಿರುವುಗಳಿವೆ. ಇಷ್ಟೇ ತೂಕದ ಪ್ಯಾಕೆಟ್‌ನಲ್ಲಿ ಮಾರಬೇಕು ಅನ್ನುವ ಹಳೆಯ ಕಟ್ಟುಪಾಡು ಈಗಿಲ್ಲ. ಹಾಗಾಗಿ 1 ಕೆಜಿಯಂತೆ ಕಾಣುವ ಪ್ಯಾಕೆಟ್ 900 ಗ್ರಾಂ ಇರಬಹುದು, 500ರಂತೆ ಕಾಣುವುದು 450 ಇರಬಹುದು. ಎಣ್ಣೆಯಲ್ಲಂತೂ ನೋಡಿಯೇ ಕೊಳ್ಳಬೇಕು. 1 ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲಿ ಅದೇ ಗಾತ್ರದ ಇನ್ನೊಂದು ಪ್ಯಾಕೆಟ್ ಹತ್ತು ರೂಪಾಯಿ ಕಡಿಮೆಗೆ ಇದ್ದರೆ ಅದರಲ್ಲಿ ಎಷ್ಟು ಗ್ರಾಂ ಇದೆ ಅಂತ ಓದಿ. 850 ಇದ್ದರೆ ಆ ಹತ್ತು ರೂಪಾಯಿ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ.

ಅಕ್ಕಿ ಮೂಟೆಯದು ಇನ್ನೊಂದು ಬಗೆ. 2022ರ ಜುಲೈನಲ್ಲಿ 25 ಕೆಜಿವರೆಗಿನ, ಲೇಬಲ್ ಹಾಕಿದ ಅಕ್ಕಿ-ಬೇಳೆ-ಹಿಟ್ಟಿನ ಚೀಲಗಳಿಗೆ ಶೇ. 5 ಜಿಎಸ್‌ಟಿ ಬಂತು. ಆ ತೆರಿಗೆ ತಪ್ಪಿಸಲು ಆಮೇಲೆ ಮಾರುಕಟ್ಟೆಗೆ 26 ಕೆಜಿ ಮೂಟೆ ಬಂತು. ಒಂದು ಕಡೆ 26 ಕೆಜಿ, ಇನ್ನೊಂದು ಕಡೆ ಕೂಪನ್ ಹಾಕಿದ 25 ಕೆಜಿ ಅಥವಾ 10 ಕೆಜಿ ಚೀಲ. ಕೆಜಿ ಲೆಕ್ಕಕ್ಕೆ ಇಳಿಸದೆ ಇವನ್ನು ಹೋಲಿಸಲು ಆಗುವುದೇ ಇಲ್ಲ. ತೂಗಿ ಕೊಡುವ ಬಿಡಿ ಬೇಳೆಗೆ ಆ ತೆರಿಗೆಯೂ ಇಲ್ಲ, ಕೂಪನ್ನೂ ಇಲ್ಲ. ಆದರೂ ಎಷ್ಟೋ ಸಲ ಅದೇ ಅಗ್ಗ.

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದೂ ನಿಜವಲ್ಲ. ನಮ್ಮಲ್ಲಿ ಶಾಂಪೂ ಸ್ಯಾಶೆಯ ಬೆಲೆಯನ್ನು ಮಿಲಿಲೀಟರಿಗೆ ಇಳಿಸಿ ನೋಡಿ. ಬಹಳಷ್ಟು ಸಲ ಬಾಟಲಿಗಿಂತ ಕಡಿಮೆ ಬೀಳುತ್ತದೆ, ಕೂಪನ್ ಹಾಕಿದ ಬಾಟಲಿಗಿಂತಲೂ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಮೈಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ತುಪ್ಪ, ಬೆಣ್ಣೆಗೆ ಶೇ. 12ರಿಂದ ಶೇ. 5ಕ್ಕೆ. ನಿಮ್ಮ ಪುಸ್ತಕದಲ್ಲಿ ಇವುಗಳ ಬೆಲೆ ಅದಕ್ಕೂ ಮುಂಚಿನದಾಗಿದ್ದರೆ ಹೊಡೆದುಹಾಕಿ ಹೊಸದು ಬರೆಯಿರಿ. ಹಳೆಯ ಬೆಲೆಯ ಎದುರು ಇಟ್ಟರೆ ಎಲ್ಲವೂ ಭಾರಿ ರಿಯಾಯಿತಿಯಂತೆಯೇ ಕಾಣುತ್ತದೆ.

ಹೆಜ್ಜೆ 3: ಕೂಪನ್‌ನ ಸಣ್ಣ ಅಕ್ಷರ ಓದಿ, ಅದರ ಸರಿಯಾದ ಮೊತ್ತ ಹಿಡಿಯಿರಿ

ಪ್ರತಿ ಕೂಪನ್‌ನಲ್ಲೂ ನಾಲ್ಕು ಸಂಗತಿ ನೋಡಬೇಕು. ಕನಿಷ್ಠ ಎಷ್ಟಕ್ಕೆ ಕೊಳ್ಳಬೇಕು, ಗರಿಷ್ಠ ಎಷ್ಟು ಕಡಿತ, ಯಾವ ಸಾಮಾನಿಗೆ ನಡೆಯುವುದಿಲ್ಲ, ಯಾವತ್ತಿನವರೆಗೆ. ಹಾಲು, ಎಣ್ಣೆ, ಸಕ್ಕರೆ, ಮಕ್ಕಳ ಹಾಲಿನ ಪುಡಿಯಂಥವು ಕೂಪನ್‌ನಿಂದ ಹೊರಗಿರುವುದು ಮಾಮೂಲು. ಅವುಗಳ ಬೆಲೆ ಕನಿಷ್ಠ ಮೊತ್ತದ ಲೆಕ್ಕಕ್ಕೆ ಸೇರುತ್ತಾ ಅಂತಲೂ ನೋಡಿ.

ಈಗ ಮುಖ್ಯ ವಿಷಯ. ಕೂಪನ್ ಅತಿ ಹೆಚ್ಚು ಫಲ ಕೊಡುವ ಒಂದು ಮೊತ್ತ ಇರುತ್ತದೆ. "50% ಕಡಿತ, ಗರಿಷ್ಠ ₹75" ಅಂತ ಇದೆ ಅಂದುಕೊಳ್ಳಿ. ₹150ಕ್ಕೆ ಕೊಂಡರೆ ₹75 ಹೋಗುತ್ತದೆ, ನಿಜವಾಗಿ ಅರ್ಧ ಬೆಲೆ. ₹500ಕ್ಕೆ ಕೊಂಡರೂ ಹೋಗುವುದು ಅದೇ ₹75. ಅಂದರೆ ಶೇ. 15. ಇಂಥ ಕೂಪನ್ ಬಂದಾಗ ₹150ರ ಆಸುಪಾಸಿನ ಒಂದೋ ಎರಡೋ ಸಾಮಾನು ಕೊಂಡು ನಿಲ್ಲಿಸಿಬಿಡಿ. ಬ್ಯಾಂಕ್ ಕಾರ್ಡಿನ ಆಫರೂ ಹೀಗೇ. "ಶೇ. 10, ಕನಿಷ್ಠ ₹1500, ಗರಿಷ್ಠ ₹150" ಅಂದರೆ ₹1500ಕ್ಕೆ ಸರಿಯಾಗಿ ಕೂರುವ ಕೂಪನ್ ಅದು. ₹3000ಕ್ಕೆ ಕೊಂಡರೆ ಶೇ. 5 ಆಯಿತು. ಮನೆಯಲ್ಲಿ ಇಬ್ಬರ ಹತ್ತಿರ ಆ ಕಾರ್ಡ್ ಇದ್ದರೆ ಎರಡು ಬಿಲ್ ಮಾಡಿಸಬಹುದು.

ಉಳಿದ ಘೋಷಣೆಗಳ ಅಸಲಿ ಬೆಲೆ ಬೇಗ ಹೇಳಿಬಿಡುತ್ತೇನೆ. "ಒಂದು ಕೊಂಡರೆ ಒಂದು ಫ್ರೀ" ಅಂದರೆ ಶೇ. 50. "ಎರಡು ಕೊಂಡರೆ ಒಂದು ಫ್ರೀ" ಅಂದರೆ ಶೇ. 33. "ಮೂರು ಕೊಂಡರೆ ಒಂದು" ಅಂದರೆ ಶೇ. 25. "20% ಹೆಚ್ಚು ಪುಡಿ, ಅದೇ ಬೆಲೆಗೆ" ಅಂದರೆ ಶೇ. 20 ಕಡಿತ ಅಲ್ಲ, ಶೇ. 17ಕ್ಕಿಂತ ಸ್ವಲ್ಪ ಕಡಿಮೆ. "50% + 20%" ಅಂದರೆ ಶೇ. 70 ಅಲ್ಲ. ₹1000ದ ಸಾಮಾನು ಮೊದಲು ₹500 ಆಗುತ್ತದೆ, ಆ ₹500ರಲ್ಲಿ ಶೇ. 20 ಹೋಗಿ ₹400. ಒಟ್ಟು ಶೇ. 60. "ಅಪ್ ಟು 80%" ಅಂದರೆ ಎಲ್ಲೋ ಮೂಲೆಯಲ್ಲಿ ಒಂದು ಸಾಮಾನಿಗೆ ಶೇ. 80 ಇದೆ ಅಂತ ಅರ್ಥ, ಅದು ನಿಮಗೆ ಬೇಕಾದ್ದಾಗಿರುವುದಿಲ್ಲ. ಇವೆಲ್ಲ ಎಂಆರ್‌ಪಿ ಮೇಲಿನ ಲೆಕ್ಕ ಅನ್ನುವುದನ್ನೂ ಮರೆಯಬೇಡಿ. ಮಾಮೂಲಿ ದಿನ ಶೇ. 30 ಇಳಿಸಿ ಮಾರುವ ಬಿಸ್ಕತ್ತನ್ನು ಹಬ್ಬದ ದಿನ ಪೂರ್ತಿ ಎಂಆರ್‌ಪಿಗೆ ಏರಿಸಿ "ಎರಡು ಕೊಂಡರೆ ಒಂದು ಫ್ರೀ" ಅಂದರೆ ನಿಮಗೆ ನಿಜವಾಗಿ ಸಿಕ್ಕಿದ್ದು ಮೂರು ಪೈಸೆ, ರೂಪಾಯಿಗೆ.

ಹೆಜ್ಜೆ 4: ₹799 ಮುಟ್ಟಿಸುವ ಆಟ

"ಇನ್ನು ₹239ರ ಸಾಮಾನು ಸೇರಿಸಿ, ₹100 ಉಳಿಸಿ" ಅಂತ ಆ್ಯಪ್ ಹೇಳುತ್ತದೆ. ದುಡ್ಡು ಹೆಚ್ಚಾಗಿ ಸೋರುವುದು ಇಲ್ಲೇ. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ನಿಮ್ಮ ಪಟ್ಟಿಯ ಸಾಮಾನು ಬೀದಿ ಅಂಗಡಿಯಲ್ಲಿ ₹520. ಅದೇ ಸಾಮಾನು ಆ್ಯಪ್‌ನಲ್ಲಿ ₹560. ಕೂಪನ್ ₹799 ಮೇಲೆ ₹100. ನೀವು ₹240ಕ್ಕೆ ಏನೋ ಸೇರಿಸಿ ₹800 ಮಾಡುತ್ತೀರಿ. ₹100 ಹೋಗಿ ₹700. ಹ್ಯಾಂಡ್ಲಿಂಗ್ ಚಾರ್ಜ್ ಅಂತ ₹12. ಕೊನೆಗೆ ಕೊಟ್ಟದ್ದು ₹712.

ಸೇರಿಸಿದ್ದು ಪಟ್ಟಿಯಲ್ಲಿ ಇಲ್ಲದ್ದು, ಚಿಪ್ಸು, ಚಾಕಲೇಟು, ಇನ್ನೊಂದು ಏರ್ ಫ್ರೆಶ್‌ನರ್ ಅಂದುಕೊಳ್ಳಿ. ₹520ರಲ್ಲಿ ಮುಗಿಯುತ್ತಿದ್ದ ಖರ್ಚು ₹712 ಆಯಿತು. ₹192 ಹೆಚ್ಚು ಹೋಯಿತು, ಪರದೆ ಮೇಲೆ ಮಾತ್ರ "ನೀವು ₹100 ಉಳಿಸಿದ್ದೀರಿ" ಅಂತ ಪಟಾಕಿ ಸಿಡಿಯಿತು. ಈಗ ಇನ್ನೊಂದು ಬಗೆ. ಸೇರಿಸಿದ್ದು ನಿಮ್ಮ ಪಟ್ಟಿಯ ಎರಡನೇ ಭಾಗದ್ದೇ, ಪೇಸ್ಟು, ಬಟ್ಟೆ ಸೋಪು. ಬೀದಿ ಅಂಗಡಿಯಲ್ಲಿ ಅದಕ್ಕೆ ₹225 ಆಗುತ್ತಿತ್ತು. ಒಟ್ಟು ₹745ರ ಎದುರು ₹712. ಉಳಿದದ್ದು ₹33. ಕೂಪನ್ ಮೇಲೆ ಬರೆದದ್ದು 100, ಕೈಗೆ ಬಂದದ್ದು 33. ಇದೂ ಬೇಡ ಅಂತಲ್ಲ. ಆದರೆ ₹33ಕ್ಕೆ ಅರ್ಧ ಗಂಟೆ ಫೋನ್ ಉಜ್ಜುತ್ತಾ ಕೂರಬೇಕಾ ಅನ್ನುವುದು ನಿಮಗೆ ಬಿಟ್ಟದ್ದು.

ಆದ್ದರಿಂದ ಡೆಲಿವರಿ, ಹ್ಯಾಂಡ್ಲಿಂಗ್, ಮಳೆ ಚಾರ್ಜ್, ಸಣ್ಣ ಆರ್ಡರ್ ಚಾರ್ಜ್ ಎಲ್ಲ ಸೇರಿದ ಕೊನೆಯ ಮೊತ್ತವನ್ನು ಮಾತ್ರ ನೋಡಿ. ಕೊನೆಯ ಪುಟದಲ್ಲಿ ನಿಮಗೆ ಹೇಳದೆ ಸೇರಿಕೊಂಡ ದೇಣಿಗೆ, ಟಿಪ್, ವಿಮೆ ಇದ್ದರೆ ತೆಗೆದುಹಾಕಿ. ಹೀಗೆ ಕದ್ದು ಸೇರಿಸುವುದು, ಇಲ್ಲದ ಆತುರ ಹುಟ್ಟಿಸಿ "ಇನ್ನು ಎರಡೇ ಉಳಿದಿದೆ" ಅನ್ನುವುದು, ಚಾರ್ಜುಗಳನ್ನು ಕೊನೆಯಲ್ಲಿ ತೋರಿಸುವುದು ಇವೆಲ್ಲವನ್ನೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಇಂಥ 13 ತಂತ್ರಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ನಿಷೇಧ ಇದೆ ಅಂತ ಎಲ್ಲರೂ ನಿಲ್ಲಿಸಿದ್ದಾರೆ ಅಂದುಕೊಳ್ಳಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಉಪಾಯ. ತಿಂಗಳ ಪಟ್ಟಿಯನ್ನು ಹಾಗೇ ಬೀದಿ ಅಂಗಡಿಯವರ ಕೈಗೆ ಕೊಟ್ಟು ಕೇಳಿ: "ಇಷ್ಟೂ ಒಟ್ಟಿಗೆ ತಗೋತೀನಿ, ಎಷ್ಟು ಮಾಡಿಕೊಡ್ತೀರಣ್ಣ?" ಎಣ್ಣೆ, ಬೇಳೆ, ಅಕ್ಕಿಯಲ್ಲಿ ಅವರು ಬಿಡುವ ದುಡ್ಡು ಎಷ್ಟೋ ಕೂಪನ್‌ಗಳಿಗಿಂತ ಜಾಸ್ತಿ ಇರುತ್ತದೆ. ಮನೆಗೂ ತಂದುಕೊಡುತ್ತಾರೆ. ಈಗಿನ ಹುಡುಗರು ಹೀಗೆ ಕೇಳಲು ನಾಚಿಕೊಳ್ಳುತ್ತಾರೆ, ಯಾಕೋ ಗೊತ್ತಿಲ್ಲ.

ಹೆಜ್ಜೆ 5: ಕ್ಯಾಶ್‌ಬ್ಯಾಕ್, ಪಾಯಿಂಟ್, ಮೆಂಬರ್‌ಶಿಪ್

ತಕ್ಷಣ ಬಿಲ್‌ನಲ್ಲಿ ಕಳೆಯುವ ಕಡಿತ ಮೊದಲ ದರ್ಜೆಯದು. ಆಮೇಲೆ ಕೊಡುತ್ತೇವೆ ಅನ್ನುವುದು ಎರಡನೇ ದರ್ಜೆಯದು. ಕ್ಯಾಶ್‌ಬ್ಯಾಕ್ ವ್ಯಾಲೆಟ್‌ಗೆ ಬರುತ್ತದೆ, ಅದಕ್ಕೆ ಕೊನೆಯ ದಿನಾಂಕ ಇರುತ್ತದೆ, ಒಂದು ಆರ್ಡರ್‌ನಲ್ಲಿ ಇಷ್ಟೇ ಬಳಸಬೇಕು ಅಂತ ಷರತ್ತು ಇರುತ್ತದೆ. ಹೋಲಿಸುವಾಗ ನಾನು ಕ್ಯಾಶ್‌ಬ್ಯಾಕನ್ನು ಅರ್ಧಕ್ಕೆ ಮಾತ್ರ ಹಿಡಿಯುತ್ತೇನೆ. ₹100 ಕ್ಯಾಶ್‌ಬ್ಯಾಕ್ ಎದುರು ₹60 ನೇರ ಕಡಿತ ಇದ್ದರೆ ₹60 ತೆಗೆದುಕೊಳ್ಳಿ.

ಜೋಡಿಸುವ ಕ್ರಮ ಹೀಗಿರಲಿ. ಮೊದಲು ಅಂಗಡಿಯಲ್ಲಿ ಈಗಾಗಲೇ ಇಳಿದ ಬೆಲೆ, ಅದರ ಮೇಲೆ ಕೂಪನ್ ಕೋಡ್, ಅದರ ಮೇಲೆ ಬ್ಯಾಂಕ್ ಅಥವಾ ಯುಪಿಐ ಆಫರ್, ಕೊನೆಗೆ ಪಾಯಿಂಟ್. ಎರಡು ಕೋಡ್ ಒಟ್ಟಿಗೆ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಒಂದು ಕೋಡ್ ಮತ್ತು ಒಂದು ಬ್ಯಾಂಕ್ ಆಫರ್ ಸೇರಿಸಲು ಬಿಡುತ್ತಾರೆ. ಕೋಡ್ ಹಾಕಿದ ಮೇಲೆ ಮೊತ್ತ ಬ್ಯಾಂಕಿನ ಕನಿಷ್ಠ ₹1500ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಆಫೀಸಿನಿಂದ ಮೀಲ್ ಕಾರ್ಡ್ ಸಿಗುವವರು ಅದನ್ನು ಹೋಟೆಲಿಗೇ ಮುಗಿಸಬೇಕಿಲ್ಲ, ಸೂಪರ್ ಮಾರ್ಕೆಟ್‌ನಲ್ಲಿ ದಿನಸಿಗೆ ನಡೆಯುತ್ತಾ ಅಂತ ಕೇಳಿ ನೋಡಿ.

ಕ್ರೆಡಿಟ್ ಕಾರ್ಡ್ ಆಫರ್ ಪೂರ್ತಿ ಬಿಲ್ ಕಟ್ಟುವವರಿಗೆ ಮಾತ್ರ. ಬಾಕಿ ಉಳಿಸಿಕೊಂಡರೆ ಹೆಚ್ಚಿನ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3ರ ಮೇಲೆಯೇ. ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೂ ಮೊದಲ ದಿನದಿಂದ ಬಡ್ಡಿ ಬೀಳುತ್ತದೆ. ಸೋಪಿನಲ್ಲಿ ಉಳಿಸಿದ ಶೇ. 10 ಮೂರು ತಿಂಗಳಲ್ಲಿ ಕರಗುತ್ತದೆ.

ಮೆಂಬರ್‌ಶಿಪ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಡೆಲಿವರಿ ಪುಕ್ಕಟೆ ಆದ ತಕ್ಷಣ ಕೊತ್ತಂಬರಿ ಸೊಪ್ಪಿಗೂ ಆರ್ಡರ್ ಮಾಡುವ ಅಭ್ಯಾಸ ಬೀಳುತ್ತದೆ. ಆದರೂ ತಿಂಗಳಿಗೆ ನಾಲ್ಕಾರು ಸಲ ಹೇಗೂ ತರಿಸುವ ಮನೆ ಆದರೆ ಕಳೆದ ಮೂರು ತಿಂಗಳು ಡೆಲಿವರಿಗೆ ಎಷ್ಟು ಕೊಟ್ಟಿದ್ದೀರಿ ಅಂತ ಕೂಡಿ, ಮೆಂಬರ್‌ಶಿಪ್ ಬೆಲೆ ಅದರ ಅರ್ಧಕ್ಕಿಂತ ಕಡಿಮೆ ಇದ್ದರೆ ತಗೊಳ್ಳಿ. ತಗೊಂಡ ದಿನವೇ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗಕ್ಕೆ ಹೋಗಿ, ಅದು ತಾನಾಗಿ ಮುಂದುವರಿಯದಂತೆ ನಿಲ್ಲಿಸಿ.

ಬಿಲ್ಲಿಂಗ್ ಕೌಂಟರಿನಲ್ಲಿ ಪಾಯಿಂಟ್ ಹೆಸರಿನಲ್ಲಿ ಮೊಬೈಲ್ ನಂಬರ್ ಕೇಳುತ್ತಾರೆ. ಕೊಡಲೇಬೇಕು ಅಂತಿಲ್ಲ. ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಅನ್ನಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಪಾಯಿಂಟ್ ನಿಜವಾಗಿ ಬಳಸುವ ಒಂದೋ ಎರಡೋ ಅಂಗಡಿಗೆ ಕೊಡಿ, ಉಳಿದವರಿಗೆ "ಬೇಡ" ಅಂದರೆ ಸಾಕು.

ಹೆಜ್ಜೆ 6: ಎಷ್ಟು ತಂದಿಡಬೇಕು

ನಿಜವಾಗಿ ಒಳ್ಳೆಯ ಬೆಲೆ ಸಿಕ್ಕಿತು. ಎಷ್ಟು ಕೊಳ್ಳಬೇಕು? ಸೋಪು, ಪೇಸ್ಟು, ಬಟ್ಟೆ ಸೋಪಿನ ಪುಡಿ, ಫಿನಾಯಿಲ್, ಪೊರಕೆಗಳನ್ನು ಮೂರು ತಿಂಗಳಿಗೆ ತಂದಿಟ್ಟರೂ ತೊಂದರೆ ಇಲ್ಲ. ಕೂಪನ್‌ನ ದೊಡ್ಡ ಲಾಭ ಇರುವುದೂ ಇವುಗಳಲ್ಲೇ. ಕಂಪನಿಗಳ ನಡುವೆ ಪೈಪೋಟಿ ಜಾಸ್ತಿ, ಸಾಮಾನು ಕೆಡುವುದಿಲ್ಲ, ಬ್ರ್ಯಾಂಡ್ ಬದಲಾದರೂ ನಡೆಯುತ್ತದೆ.

ತಿನ್ನುವ ಪದಾರ್ಥ ಹಾಗಲ್ಲ. ರವೆ, ಮೈದಾ, ಕಡಲೆಹಿಟ್ಟಿಗೆ ಮಳೆಗಾಲದಲ್ಲಿ ಬಹಳ ಬೇಗ ಹುಳ ಬೀಳುತ್ತದೆ. ತಿಂಗಳಿಗಿಂತ ಹೆಚ್ಚು ತರಬೇಡಿ. ಕಡಲೆಬೀಜ, ಗೋಡಂಬಿ, ಕೊಬ್ಬರಿ ಕಮಟು ವಾಸನೆ ಬರುತ್ತವೆ. ಎಣ್ಣೆ ಒಂದು ಪ್ಯಾಕೆಟ್ ಹೆಚ್ಚಿಗೆ ಇದ್ದರೆ ಸಾಕು. ಮಕ್ಕಳಿರುವ ಮನೆಗೆ ಇನ್ನೊಂದು ಸತ್ಯ ಗೊತ್ತಿರುತ್ತದೆ: ಬಿಸ್ಕತ್ತು, ಚಿಪ್ಸು ಎಷ್ಟು ತಂದರೂ ಅಷ್ಟೇ ದಿನ ಬರುತ್ತದೆ. ಆರು ಪ್ಯಾಕೆಟ್ ಅಗ್ಗಕ್ಕೆ ತಂದರೆ ಆರು ಪ್ಯಾಕೆಟ್ ಹೆಚ್ಚಿಗೆ ತಿಂದಂತೆ.

ಭಾರಿ ರಿಯಾಯಿತಿ ಕಂಡರೆ ಮೊದಲು ದಿನಾಂಕ ನೋಡಿ. "ಬೆಸ್ಟ್ ಬಿಫೋರ್" ದಾಟಿದರೆ ರುಚಿ, ಗರಿಗರಿ ಕಡಿಮೆಯಾಗಬಹುದು. "ಯೂಸ್ ಬೈ" ಅಥವಾ "ಎಕ್ಸ್‌ಪೈರಿ" ದಾಟಿದ್ದನ್ನು ತಿನ್ನಲೇಬಾರದು. ಆನ್‌ಲೈನಿನಲ್ಲಿ ಕೊಂಡ ಆಹಾರ ಮನೆ ತಲುಪುವಾಗ ಬಾಳಿಕೆಯಲ್ಲಿ ಕನಿಷ್ಠ ಶೇ. 30 ಅಥವಾ 45 ದಿನ ಉಳಿದಿರಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಕಂಪನಿಗಳಿಗೆ ಹೇಳಿದೆ. ಬಾಗಿಲಲ್ಲೇ ನೋಡಿ ತಗೊಳ್ಳಿ. ಇನ್ನು ಸೂಪರ್ ಮಾರ್ಕೆಟ್‌ಗಳಲ್ಲಿ ಸಂಜೆ ಹೊತ್ತು ಬ್ರೆಡ್, ಪನೀರ್, ಮೊಸರಿಗೆ ಅರ್ಧ ಬೆಲೆಯ ಸ್ಟಿಕರ್ ಅಂಟಿಸುತ್ತಾರಲ್ಲ, ಅದು ಒಳ್ಳೆಯ ಆಫರ್. ಅವತ್ತು ರಾತ್ರಿಯೇ ಪನೀರ್ ಪಲ್ಯ ಮಾಡುವುದಿದ್ದರೆ.

ಹೆಜ್ಜೆ 7: ಯಾವಾಗ ಕೊಳ್ಳುವುದು

ಸೂಪರ್ ಮಾರ್ಕೆಟ್‌ಗಳ ದೊಡ್ಡ ದಿನಸಿ ಆಫರ್‌ಗಳು ಜನವರಿ 26 ಮತ್ತು ಆಗಸ್ಟ್ 15ರ ಸುತ್ತ ಬರುತ್ತವೆ. ಪಟ್ಟಿಯ ಎರಡನೇ ಭಾಗವನ್ನು ಅಲ್ಲಿಗೆ ತಳ್ಳಲು ಆಗುತ್ತಾ ನೋಡಿ. ಬಟ್ಟೆ, ಬೆಡ್‌ಶೀಟ್, ಟವೆಲ್‌ಗೆ ಆಷಾಢವೇ ಸರಿ. ಮದುವೆ-ಮುಂಜಿ ಇಲ್ಲದ ತಿಂಗಳಲ್ಲಿ ವ್ಯಾಪಾರ ಬಿದ್ದುಹೋಗುವುದರಿಂದ ಬಟ್ಟೆ ಅಂಗಡಿಯವರು ನಿಜಕ್ಕೂ ಇಳಿಸುತ್ತಾರೆ. ಮಿಕ್ಸಿ, ಕುಕ್ಕರ್ ಬದಲಿಸುವುದಿದ್ದರೆ ದಸರಾ-ದೀಪಾವಳಿ ತನಕ ತಡೆಯಿರಿ.

ಕೂಪನ್ ಇಲ್ಲದೆ ತಾನಾಗಿ ಬೆಲೆ ಇಳಿಯುವ ಕಾಲವೂ ಇದೆ. ಕಲಬುರಗಿ ಕಡೆ ಹೊಸ ತೊಗರಿ ಡಿಸೆಂಬರ್-ಜನವರಿ ಹೊತ್ತಿಗೆ ಮಾರುಕಟ್ಟೆಗೆ ಬರಲು ಶುರುವಾಗುತ್ತದೆ. ಆಮೇಲಿನ ಕೆಲವು ವಾರ ಬೇಳೆ ಕೊಳ್ಳಲು ಒಳ್ಳೆಯ ಕಾಲ. ವರಮಹಾಲಕ್ಷ್ಮಿ, ಗೌರಿ-ಗಣೇಶದ ಹಿಂದಿನ ದಿನ ಹೂವು-ಹಣ್ಣಿಗೆ ಯಾವ ಕೂಪನ್ನೂ ಕಾಪಾಡುವುದಿಲ್ಲ. ತೆಂಗಿನಕಾಯಿ, ಬೆಲ್ಲ, ಎಲೆ-ಅಡಿಕೆಯಾದರೂ ನಾಲ್ಕು ದಿನ ಮುಂಚೆ ತಂದಿಟ್ಟುಕೊಳ್ಳಬಹುದು. ತರಕಾರಿಗೆ ಹಾಪ್‌ಕಾಮ್ಸ್ ಬೆಲೆ ಒಮ್ಮೆ ನೋಡಿಕೊಂಡರೆ ಉಳಿದ ಕಡೆ ಎಷ್ಟು ಅಂತ ಅಳೆಯಲು ಒಂದು ಗೆರೆ ಸಿಗುತ್ತದೆ.

ತಿಂಗಳ ಕೊನೆಯಲ್ಲಿ ಒಂದು ಕೆಲಸ ಮಾಡಿ. "ಉಳಿಸಿದ್ದು" ಅಂತ ಬಿಲ್‌ಗಳು ಹೇಳುವ ಮೊತ್ತವನ್ನು ಕೂಡಬೇಡಿ. ಮನೆ ಸಾಮಾನಿಗೆ ಒಟ್ಟು ಎಷ್ಟು ಹೋಯಿತು ಅನ್ನುವುದನ್ನು ಮಾತ್ರ ಬೆಲೆ ಪುಸ್ತಕದ ಕೊನೆಯ ಪುಟದಲ್ಲಿ ಬರೆಯಿರಿ. ಮೂರು ತಿಂಗಳು ಕಳೆದರೂ ಆ ಅಂಕಿ ಇಳಿದಿಲ್ಲ, ಡಬ್ಬಿಗಳೂ ಮೊದಲಿಗಿಂತ ತುಂಬಿಲ್ಲ ಅಂದರೆ ಅಷ್ಟೂ ಕೂಪನ್ ಅಂಗಡಿಯವರಿಗೇ ಕೆಲಸ ಮಾಡಿವೆ.

ಹೆಜ್ಜೆ 8: ಬಿಲ್ ನೋಡಿ, ನಕಲಿ ಕೂಪನ್‌ನಿಂದ ದೂರ ಇರಿ

ಕೌಂಟರ್ ಬಿಡುವ ಮುಂಚೆ ಬಿಲ್ ಓದಿ. ಶೆಲ್ಫಿನ ಚೀಟಿಯಲ್ಲಿ ಒಂದು ಬೆಲೆ, ಕಂಪ್ಯೂಟರಿನಲ್ಲಿ ಇನ್ನೊಂದು ಇರುವುದು ಅಪರೂಪವೇನಲ್ಲ. "ಒಂದಕ್ಕೆ ಒಂದು ಫ್ರೀ" ಸಾಮಾನು ಎರಡೂ ಸ್ಕ್ಯಾನ್ ಆಗಿ ಕಡಿತ ಬಿದ್ದಿದೆಯಾ ನೋಡಿ. ಸಣ್ಣ ಅಂಗಡಿಯಲ್ಲಾದರೆ ಪೇಸ್ಟಿನ ಜೊತೆ ಬರುವ ಬ್ರಷ್, ಪ್ಯಾಕೆಟ್ ಮೇಲೆ ಅಚ್ಚಾದ "₹10 ಕಡಿತ" ಕೇಳಿ ಪಡೆಯಿರಿ. ಕಂಪನಿ ಅದನ್ನು ನಿಮಗಾಗಿಯೇ ಕೊಟ್ಟಿರುತ್ತದೆ.

ಆನ್‌ಲೈನಿನಲ್ಲಿ ಒಂದು ಸಾಮಾನು ಸ್ಟಾಕ್ ಇಲ್ಲ ಅಂತ ಕೈಬಿಟ್ಟಾಗ ಮೊತ್ತ ಕನಿಷ್ಠಕ್ಕಿಂತ ಇಳಿದು ಕೂಪನ್ ಹಾರಿಹೋಗಬಹುದು. ವಾಪಸ್ ಕೊಟ್ಟರೂ ಹಾಗೇ. ಕಡಿತವನ್ನು ಎಲ್ಲ ಸಾಮಾನಿಗೂ ಹಂಚಿ, ಒಂದರ ಪಾಲು ಕಳೆದು ದುಡ್ಡು ಕೊಡುತ್ತಾರೆ. ವಾಪಸ್ ಕೊಡುವ ಸಾಧ್ಯತೆ ಇರುವ ಸಾಮಾನನ್ನು ಕೂಪನ್ ಬಿಲ್‌ಗೆ ಸೇರಿಸಬೇಡಿ. ಎಂಆರ್‌ಪಿಗಿಂತ ಜಾಸ್ತಿ ಹಾಕಿದರೆ, ಹೇಳಿದ ಆಫರ್ ಕೊಡದಿದ್ದರೆ ಬಿಲ್ ಮತ್ತು ಜಾಹೀರಾತಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇನ್ನು ಕೂಪನ್ ವೇಷದ ಕಳ್ಳತನ. ವಾಟ್ಸ್‌ಆ್ಯಪ್‌ನಲ್ಲಿ ಬರುವ "ಹಬ್ಬದ ಉಡುಗೊರೆ ₹5000, 20 ಜನರಿಗೆ ಕಳುಹಿಸಿ" ಲಿಂಕ್ ಒತ್ತಬೇಡಿ. ಕೂಪನ್ ಆ್ಯಪ್ ಅಂತ ಮೆಸೇಜಿನಲ್ಲಿ ಬಂದ ಫೈಲನ್ನು ಇನ್‌ಸ್ಟಾಲ್ ಮಾಡಬೇಡಿ. ಅಂಚೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಬಂದು, ಕೆರೆದರೆ ಕಾರು ಗೆದ್ದಿದ್ದೀರಿ ಅಂತ ಇದ್ದು, ತೆರಿಗೆಗೆ ಮೊದಲು ದುಡ್ಡು ಕಳಿಸಿ ಅಂದರೆ ಹರಿದು ಬಿಸಾಕಿ. ಕ್ಯಾಶ್‌ಬ್ಯಾಕ್ ಬರಲು ಯುಪಿಐ ಪಿನ್ ಒತ್ತಿ ಅನ್ನುವವರು ಕಳ್ಳರೇ. ದುಡ್ಡು ಬರಲು ಪಿನ್ ಬೇಕಾಗುವುದಿಲ್ಲ, ಹೋಗಲು ಮಾತ್ರ ಬೇಕು. ಮನೆಯ ಹಿರಿಯರಿಗೆ ಈ ಒಂದು ಮಾತನ್ನು ಬಿಡಿಸಿ ಹೇಳಿ.

ದುಡ್ಡು ಹೋಗಿಬಿಟ್ಟಿದ್ದರೆ ಯೋಚಿಸುತ್ತಾ ಕೂರದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಆಗಲೇ ತಿಳಿಸಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಕರೆ ಮಾಡುವಾಗ ವಹಿವಾಟಿನ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಬಂದ ಮೆಸೇಜನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರಿಗೆ ಅದೇ ಸಾಕ್ಷಿ.